ಸಣ್ಣ ಹಿಡುವಳಿಗೆ ಬಯೋಚಾರ್: ಎಷ್ಟು ಸುಡಬೇಕು, ಹೇಗೆ ಹದಗೊಳಿಸಬೇಕು, ಎಲ್ಲಿ ಹಾಕಬೇಕು

ಪ್ರಶ್ನೆ: ನಾನು ಸಣ್ಣ ಹಿಡುವಳಿದಾರರ ಗುಂಪೊಂದರ ಜೊತೆ ಕೆಲಸ ಮಾಡುತ್ತಿದ್ದೇನೆ. ಎಲ್ಲರದೂ ಮಳೆಯಾಶ್ರಿತ ಬೇಸಾಯ. ಮೆಕ್ಕೆಜೋಳ ಮುಖ್ಯ ಬೆಳೆ. ಬಯೋಚಾರ್ ಹಾಕಿದರೆ ಇಳುವರಿ ಇಮ್ಮಡಿಯಾಗುತ್ತದೆ ಎಂದು ತರಬೇತಿಯೊಂದರಲ್ಲಿ ಕೇಳಿ, ಕಳೆದ ಹಂಗಾಮಿನಲ್ಲಿ ಇಬ್ಬರು ರೈತರು ಇದ್ದಿಲನ್ನು ಪುಡಿ ಮಾಡಿ ಹೊಲಕ್ಕೆ ಎರಚಿದರು. ಒಬ್ಬರ ಪೈರು ಹಳದಿಯಾಯಿತು. ಇನ್ನೊಬ್ಬರ ಹೊಲದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಈಗ ಉಳಿದವರು ಹಿಂಜರಿಯುತ್ತಿದ್ದಾರೆ. ಬಯೋಚಾರ್‌ನಿಂದ ನಿಜವಾಗಿ ಪ್ರಯೋಜನವಿದೆಯೇ? ದುಬಾರಿ ಸಲಕರಣೆ ಇಲ್ಲದೆ ಅದನ್ನು ಮಾಡಿಕೊಳ್ಳಬಹುದೇ? ಎಷ್ಟು ಪ್ರಮಾಣದಲ್ಲಿ, ಹೇಗೆ ಹಾಕಬೇಕು?

ಉತ್ತರ: ನಿಮ್ಮ ಇಬ್ಬರು ರೈತರಿಗೆ ಆದದ್ದು ಅಪರೂಪವೇನಲ್ಲ. ಇದ್ದಿಲನ್ನು ಹಾಗೆಯೇ ಪುಡಿ ಮಾಡಿ ಹೊಲದ ತುಂಬ ತೆಳುವಾಗಿ ಎರಚಿದರೆ ಮೊದಲ ಹಂಗಾಮಿನಲ್ಲಿ ಈ ಎರಡರಲ್ಲಿ ಒಂದು ಫಲ ಸಿಗುವ ಸಂಭವವೇ ಹೆಚ್ಚು. ಒಣಗಿದ ಸಸ್ಯತ್ಯಾಜ್ಯವನ್ನು ಗಾಳಿಯ ಸಂಪರ್ಕ ತೀರ ಕಡಿಮೆ ಇರುವಂತೆ ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದಾಗ ಉಳಿಯುವ ಇದ್ದಿಲನ್ನು, ಅದನ್ನು ಮಣ್ಣಿಗೆ ಸೇರಿಸುವ ಉದ್ದೇಶವಿದ್ದಾಗ, ಬಯೋಚಾರ್ ಎಂದು ಕರೆಯುತ್ತೇವೆ. ಬೆಳೆಗೆ ದಕ್ಕುವ ರೂಪದ ಸಾರಜನಕ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೂದಿಯ ಅಂಶದಿಂದ ಬರುವ ಪೊಟ್ಯಾಶ್, ಸುಣ್ಣ ಮತ್ತು ಅಲ್ಪ ರಂಜಕವನ್ನು ಬಿಟ್ಟರೆ ಅದು ಬಹುಪಾಲು ಇಂಗಾಲ ಮತ್ತು ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು. ಅಂದರೆ ಬಯೋಚಾರ್ ಒಂದು ಕಣಜ. ಖಾಲಿ ಕಣಜವನ್ನು ಹೊಲದಲ್ಲಿ ಇಟ್ಟರೆ ಅದು ಮೊದಲು ತನ್ನನ್ನು ತುಂಬಿಕೊಳ್ಳುತ್ತದೆ, ಪೈರಿಗೆ ಕೊಡುವುದು ಆಮೇಲಿನ ಮಾತು. ತರಬೇತಿಗಳಲ್ಲಿ ಈ ಒಂದು ಸಂಗತಿ ಬಿಟ್ಟುಹೋಗುವುದರಿಂದ ಆಗಿರುವ ನಿರಾಶೆ ಸಣ್ಣದಲ್ಲ.

ಪ್ರಯೋಜನ ನಿಜವೇ ಎಂಬ ಪ್ರಶ್ನೆಗೆ ಉತ್ತರ ಮಣ್ಣಿನ ಮೇಲೆ ನಿಂತಿದೆ. ಸೈಮನ್ ಜೆಫ್ರಿ ಮತ್ತು ಸಂಗಡಿಗರು ಜಗತ್ತಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚಿದ್ದು ಕಂಡುಬಂದರೆ, ಸಮಶೀತೋಷ್ಣ ವಲಯದಲ್ಲಿ ಸರಾಸರಿ ಹೆಚ್ಚಳವೇ ಕಾಣಲಿಲ್ಲ. ಉಷ್ಣವಲಯದ ಬಹಳಷ್ಟು ಮಣ್ಣುಗಳು ಹುಳಿಯಾಗಿವೆ, ಸವೆದಿವೆ, ಹಾಕಿದ ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳಲಾರವು. ಸುಣ್ಣ, ರಸಗೊಬ್ಬರ ಎರಡನ್ನೂ ಧಾರಾಳವಾಗಿ ಕಂಡಿರುವ ಹೊಲಕ್ಕೆ ಬಯೋಚಾರ್ ಹೊಸದಾಗಿ ಕೊಡುವುದು ಹೆಚ್ಚೇನೂ ಇರುವುದಿಲ್ಲ. ಪಶ್ಚಿಮ ಕೀನ್ಯಾದಲ್ಲಿ ಕಾಡು ಕಡಿದು ಬೇರೆ ಬೇರೆ ಕಾಲದಲ್ಲಿ ಬೇಸಾಯಕ್ಕೆ ಬಂದ ಹೊಲಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ: ಹೆಚ್ಚು ಕಾಲ ಉತ್ತು ಬಿತ್ತಿ ಬರಡಾದ ಹೊಲಗಳಲ್ಲಿ ಮೆಕ್ಕೆಜೋಳದ ಇಳುವರಿ ಹೆಕ್ಟೇರಿಗೆ ಸುಮಾರು 3 ಟನ್‌ನಿಂದ 6 ಟನ್‌ಗೆ ಏರಿತು, ಹೊಸದಾಗಿ ಬೇಸಾಯಕ್ಕೆ ಬಂದ ಹೊಲಗಳಲ್ಲಿ ಅಂಥ ಜಿಗಿತ ಇರಲಿಲ್ಲ. ಜಾಂಬಿಯಾದಲ್ಲೂ ಮೆಕ್ಕೆಜೋಳದ ಬೆಂಡಿನ, ಅಂದರೆ ಕಾಳು ಬಿಡಿಸಿದ ತೆನೆದಿಂಡಿನ ಇದ್ದಿಲು ಮರಳು ಮಿಶ್ರಿತ ಹುಳಿ ಮಣ್ಣಿನಲ್ಲಿ ಹಲವು ಪಟ್ಟು ಫಲ ಕೊಟ್ಟಿತು. ಆದ್ದರಿಂದ 'ಇಮ್ಮಡಿ' ಎಂಬ ಮಾತು ಸುಳ್ಳಲ್ಲ; ಆದರೆ ಅದು ಎಂಥ ಮಣ್ಣಿನ ಮಾತು ಎಂಬುದನ್ನು ಹೇಳದೆ ಆಡಿದರೆ ಸುಳ್ಳಿಗೆ ಸಮೀಪದ್ದೇ.

ಹಾಗಾಗಿ ಮೊದಲ ಕೆಲಸ ಮಣ್ಣಿನ ರಸಸಾರ, ಅಂದರೆ ಪಿಎಚ್ ಅಳೆಯುವುದು. ರಸಸಾರ 5.5ಕ್ಕಿಂತ ಕೆಳಗಿದ್ದರೆ, ಅಂದರೆ ಮಣ್ಣು ಹೆಚ್ಚು ಹುಳಿಯಾಗಿದ್ದರೆ, ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗೆ ವಿಷವಾಗುತ್ತದೆ. ಬೇರು ಮೊಂಡಾಗಿ ಕೆಳಗಿಳಿಯದೆ ಬೆಳೆ ಸ್ವಲ್ಪ ಒಣಹವೆಗೂ ಬಾಡುತ್ತದೆ. ಇಂಥ ಕಡೆ ಬಯೋಚಾರ್‌ನ ಬೂದಿಯ ಅಂಶ ಸುಣ್ಣದ ಕೆಲಸ ಮಾಡುತ್ತದೆ, ರಂಧ್ರಗಳು ನೀರನ್ನು ಹಿಡಿಯುತ್ತವೆ, ಎರಡೂ ಸೇರಿ ಫಲ ಕಣ್ಣಿಗೆ ಕಾಣುವಂತೆ ಬರುತ್ತದೆ. ರಸಸಾರ 7.5ಕ್ಕಿಂತ ಮೇಲಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ಬಹುತೇಕ ಬಯೋಚಾರ್ ತಾನೇ ಕ್ಷಾರಗುಣದ್ದು. ಮೊದಲೇ ಕ್ಷಾರವಾದ ಮಣ್ಣಿಗೆ ಅದನ್ನು ಹಾಕಿದರೆ ಕಬ್ಬಿಣ, ಸತು, ರಂಜಕ ಇವೆಲ್ಲ ಬೇರಿಗೆ ಎಟುಕದಂತಾಗುತ್ತವೆ. ಇನ್ನು ಜಿಗುಟು ಮಣ್ಣು ತಾನಾಗಿಯೇ ನೀರು ಹಿಡಿದಿಡುವುದರಿಂದ ಅಲ್ಲಿ ತೇವಾಂಶದ ದೃಷ್ಟಿಯಿಂದ ಲಾಭ ಕಡಿಮೆ.

ಇಷ್ಟು ತಿಳಿದರೆ ಹಳದಿಯಾದ ಹೊಲದ ಒಗಟನ್ನು ಎಲೆ ನೋಡಿಯೇ ಬಿಡಿಸಬಹುದು. ಹಳದಿ ಬಣ್ಣ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ, ತುದಿಯಿಂದ ನಡುದಿಂಡಿನ ಉದ್ದಕ್ಕೆ ಇಳಿದು ಬಂದಿದ್ದರೆ ಅದು ಸಾರಜನಕದ ಕೊರತೆ: ಖಾಲಿ ಇದ್ದಿಲು ಮಣ್ಣಿನ ಅಮೋನಿಯಂ ಅಂಶವನ್ನು ಹಿಡಿದುಕೊಂಡಿದೆ, ಜೊತೆಗೆ ಅರೆಬೆಂದ ಇದ್ದಿಲಿನಲ್ಲಿ ಉಳಿದ ಜಿಡ್ಡನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳು ಪೈರಿನ ಪಾಲಿನ ಸಾರಜನಕವನ್ನೂ ಬಳಸಿಕೊಂಡಿವೆ. ಇದು ತಾತ್ಕಾಲಿಕ. ಮೇಲುಗೊಬ್ಬರವಾಗಿ ಸಾರಜನಕ ಕೊಟ್ಟರೆ ಪೈರು ಚೇತರಿಸಿಕೊಳ್ಳುತ್ತದೆ, ಮುಂದಿನ ಹಂಗಾಮಿಗೆ ಅದೇ ಇದ್ದಿಲು ಉಪಕಾರಿಯೂ ಆಗಬಹುದು. ಬದಲಿಗೆ ಹೊಸ ಎಲೆಗಳು ಮೊದಲು ಬಿಳುಚಿ, ನರಗಳು ಮಾತ್ರ ಹಸಿರಾಗಿ ಗೆರೆ ಗೆರೆಯಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣು ಕ್ಷಾರವಾಗಿರುವುದರ ಸೂಚನೆ. ಆ ಹೊಲಕ್ಕೆ ಇನ್ನು ಮುಂದೆ ಬಯೋಚಾರ್ ಬೇಡ, ಅದರ ಬದಲು ಕೊಟ್ಟಿಗೆ ಗೊಬ್ಬರ ಹಾಕಲಿ. ಹಾಕಿದ ಇದ್ದಿಲನ್ನು ಮಣ್ಣಿನಿಂದ ಹಿಂದಕ್ಕೆ ತೆಗೆಯುವ ದಾರಿ ಇಲ್ಲ, ಅದಕ್ಕಾಗಿಯೇ ರಸಸಾರದ ಪರೀಕ್ಷೆಯನ್ನು ಮೊದಲಿಗೆ ಇಟ್ಟಿದ್ದೇನೆ.

ಯಾವ ವ್ಯತ್ಯಾಸವೂ ಕಾಣದ ಇನ್ನೊಂದು ಹೊಲದ ಕಾರಣ ಬಹುಶಃ ಪ್ರಮಾಣ. ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಈ ವಿಷಯದ ಬಹಳಷ್ಟು ಉತ್ಸಾಹ ಈ ಲೆಕ್ಕದ ಮುಂದೆ ತಣ್ಣಗಾಗುತ್ತದೆ. ಪ್ರಯೋಗಗಳಲ್ಲಿ ಹೆಕ್ಟೇರಿಗೆ 10 ಟನ್, 20 ಟನ್ ಬಯೋಚಾರ್ ಹಾಕಿದ ವರದಿಗಳು ಸಾಮಾನ್ಯ. ತೆರೆದ ಕುಣಿಯಲ್ಲಿ ಸುಟ್ಟಾಗ ಒಣ ತೂಕದ ಐದನೆಯ ಒಂದು ಪಾಲು ಇದ್ದಿಲಾಗಿ ಕೈಗೆ ಬಂದರೆ ಅದೇ ಒಳ್ಳೆಯ ಫಲ. ಅಂದರೆ 10 ಟನ್ ಬಯೋಚಾರ್‌ಗೆ 50 ಟನ್ ಒಣ ಕಸಕಡ್ಡಿ ಬೇಕು. ಹೆಕ್ಟೇರಿಗೆ 2 ಟನ್ ಕಾಳು ತೆಗೆಯುವ ರೈತನ ಹೊಲದಲ್ಲಿ ಬೆಂಡು ಸಿಗುವುದು ಹೆಚ್ಚೆಂದರೆ 300ರಿಂದ 400 ಕಿಲೋ. ಅದರಿಂದ ಆಗುವ ಬಯೋಚಾರ್ 60ರಿಂದ 80 ಕಿಲೋ. ದಂಟು ಇದೆಯಲ್ಲ ಎನ್ನಬಹುದು. ಆದರೆ ದಂಟು ದನಕ್ಕೆ ಮೇವು, ಇಲ್ಲವೇ ನೆಲಕ್ಕೆ ಹೊದಿಕೆ. ಮಳೆಹನಿಯ ಹೊಡೆತದಿಂದ ಮಣ್ಣನ್ನು ಕಾಯುತ್ತಿರುವ ಹೊದಿಕೆಯನ್ನು ತೆಗೆದು ಸುಡುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಇದ್ದಿಲಿಗಾಗಿ ಮರ ಕಡಿಯುವ ಮಾತಂತೂ ಬೇಡವೇ ಬೇಡ. ದನ ತಿನ್ನದ, ಬೇಗ ಕೊಳೆಯದ, ಈಗ ಹೊಲದ ಅಂಚಿನಲ್ಲಿ ಸುಮ್ಮನೆ ಸುಟ್ಟುಹೋಗುತ್ತಿರುವ ವಸ್ತುಗಳೇ ಇದಕ್ಕೆ ತಕ್ಕವು: ಮೆಕ್ಕೆಜೋಳದ ಬೆಂಡು, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ತೆಂಗಿನ ಚಿಪ್ಪು, ಕಡಲೆಕಾಯಿ ಸಿಪ್ಪೆ, ಸವರಿದ ರೆಂಬೆ, ಹಬ್ಬಿ ಕಾಟ ಕೊಡುವ ಕಳೆಪೊದೆಗಳು. ಬಣ್ಣ ಬಳಿದ ಅಥವಾ ಕೀಟನಿರೋಧಕ ದ್ರಾವಣ ಕುಡಿಸಿದ ಮರವನ್ನೂ ಪ್ಲಾಸ್ಟಿಕ್ ಬೆರೆತ ಕಸವನ್ನೂ ಮುಟ್ಟಬಾರದು. ಅವುಗಳಲ್ಲಿರುವ ಸೀಸ, ಆರ್ಸೆನಿಕ್ ಮುಂತಾದವು ಸುಟ್ಟರೆ ನಾಶವಾಗದೆ ನೇರವಾಗಿ ಹೊಲ ಸೇರುತ್ತವೆ.

ಮಾಡುವ ವಿಧಾನಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಹಳೆಯ ಕಾಲದ ಮಣ್ಣು ಮುಚ್ಚಿದ ಇದ್ದಿಲು ಗೂಡು ದಿನಗಟ್ಟಲೆ ಹೊಗೆಯಾಡುತ್ತ ಮೀಥೇನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ, ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಬದಲಾಗಿ ಬಾಯಿ ತೆರೆದ ಶಂಕುವಿನಾಕಾರದ ಕುಲುಮೆಯನ್ನು ಹಾನ್ಸ್-ಪೀಟರ್ ಸ್ಮಿಟ್ ಮತ್ತು ಪಾಲ್ ಟೇಲರ್ 2014ರಲ್ಲಿ 'ಕಾನ್-ಟಿಕಿ' ಎಂಬ ಹೆಸರಿನಲ್ಲಿ ರೂಪಿಸಿದರು. ಅದು ಲೋಹದ್ದು, ಆದರೆ ಅದೇ ಆಕಾರದ ಕುಣಿಯನ್ನು ಗಟ್ಟಿ ನೆಲದಲ್ಲಿ ತೋಡಿದರೂ ಕೆಲಸ ನಡೆಯುತ್ತದೆ. ಬಾಯಿ ಒಂದೂವರೆ ಮೀಟರ್ ಅಗಲ, ಆಳ ಮುಕ್ಕಾಲು ಮೀಟರ್, ಗೋಡೆ ಕೆಳಗೆ ಕಿರಿದಾಗುತ್ತ ಹೋಗುವಂತೆ ಇಳಿಜಾರಾಗಿದ್ದರೆ ಸುಮಾರು 400 ಲೀಟರ್ ಹಿಡಿಯುವ ಕುಣಿಯಾಗುತ್ತದೆ. ಗುದ್ದಲಿಯೊಂದೇ ಬಂಡವಾಳ.

ಇದರ ಒಳಗುಟ್ಟು ಜ್ವಾಲೆಯ ಪರದೆ. ತಳದಲ್ಲಿ ಒಣ ಪುಳ್ಳೆಯಿಂದ ಚುರುಕಾದ ಬೆಂಕಿ ಮಾಡಿ, ಅದು ಕೆಂಡವಾಗುತ್ತ ಬಂದಾಗ ಮೇಲೆ ತೆಳುವಾದ ಒಂದು ಪದರ ಕಡ್ಡಿ ಹರಡಬೇಕು. ಆ ಪದರದಿಂದ ಹೊರಡುವ ಅನಿಲ ಹತ್ತಿ ಉರಿಯುತ್ತದೆ. ಮೇಲಿನಿಂದ ಬರುವ ಗಾಳಿಯ ಆಮ್ಲಜನಕವನ್ನೆಲ್ಲ ಆ ಜ್ವಾಲೆಯೇ ತಿಂದುಹಾಕುವುದರಿಂದ ಕೆಳಗಿರುವ ಇದ್ದಿಲಿಗೆ ಉರಿಯಲು ಗಾಳಿ ಸಿಗುವುದಿಲ್ಲ. ಮೇಲ್ಪದರದ ತುಂಡುಗಳ ಮೇಲೆ ಬಿಳಿ ಬೂದಿಯ ಲೇಪ ಕಾಣತೊಡಗಿದ ಕೂಡಲೇ ಮುಂದಿನ ಪದರ ಹಾಕಬೇಕು. ತಡಮಾಡಿದರೆ ಇದ್ದಿಲು ಬೂದಿಯಾಗುತ್ತದೆ. ಆತುರಪಟ್ಟು ಒಮ್ಮೆಗೇ ಹೆಚ್ಚು ಸುರಿದರೆ ಜ್ವಾಲೆ ಉಸಿರುಗಟ್ಟಿ ಹೊಗೆ ಏಳುತ್ತದೆ. ಹೊಗೆ ಎದ್ದಿತೆಂದರೆ ಏನೋ ತಪ್ಪಾಗಿದೆ ಎಂದೇ ಅರ್ಥ, ಬಹುಮಟ್ಟಿಗೆ ಕಸವೇ ಹಸಿ. ತೇವ ಶೇ. 15ರಿಂದ 20ರೊಳಗೆ ಇರಬೇಕು. ಕೈಯಲ್ಲಿ ಬಗ್ಗಿಸಿದರೆ ಬಳುಕದೆ ಚಟ್ಟನೆ ಮುರಿಯುವ ಕಡ್ಡಿ ಸರಿಯಾದ ಹದದ್ದು. ತುಂಡುಗಳು ಹೆಬ್ಬೆರಳಿನಷ್ಟು, ಹೆಚ್ಚೆಂದರೆ ಮಣಿಕಟ್ಟಿನಷ್ಟು ದಪ್ಪವಿರಲಿ, ಒಂದು ಬಾರಿಗೆ ಒಂದೇ ಬಗೆಯ ಗಾತ್ರವಿದ್ದರೆ ಎಲ್ಲವೂ ಒಟ್ಟಿಗೆ ಬೇಯುತ್ತವೆ. ಕುಣಿ ತುಂಬಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ, ಆ ಹೊತ್ತೆಲ್ಲ ಒಬ್ಬರು ಅಲ್ಲೇ ಇರಬೇಕು. ಇದು ಹಚ್ಚಿಟ್ಟು ಬಿಟ್ಟುಹೋಗುವ ಕೆಲಸವಲ್ಲ. ಗುಂಪಿನ ಹೆಣ್ಣುಮಕ್ಕಳ ಮೇಲೆ ಇನ್ನೊಂದು ದುಡಿಮೆಯಾಗಿ ಬೀಳದಂತೆ ಯಾರು ಯಾವ ದಿನ ಎಂದು ಮೊದಲೇ ಹಂಚಿಕೊಳ್ಳುವುದು ಒಳಿತು.

ಕೊನೆಯಲ್ಲಿ ನಂದಿಸುವುದು. ನೀರಿದ್ದರೆ ಇದ್ದಿಲು ಪೂರ್ತಿ ನೆನೆಯುವ ತನಕ ಸುರಿಯಬೇಕು, ಅದಕ್ಕೆ ಕೆಲವು ನೂರು ಲೀಟರ್ ಹಿಡಿಯಬಹುದು. ಆ ನೀರಿಗೇ ಗಂಜಲ ಬೆರೆಸಿದರೆ ಇನ್ನೂ ಉತ್ತಮ. ನೀರಿನ ಬರ ಇರುವ ಕಡೆ ಒಂದು ಗೇಣು ಮಣ್ಣು ಮುಚ್ಚಿ ಸಂದುಗಳನ್ನೆಲ್ಲ ಅದುಮಿ ಎರಡು ದಿನ ಬಿಟ್ಟರೂ ಆಗುತ್ತದೆ. ಮೇಲೆ ತಣ್ಣಗಾದಂತೆ ಕಂಡ ಇದ್ದಿಲು ಒಳಗೆ ಕೆಂಡ ಉಳಿಸಿಕೊಂಡು ಮಾರನೆಯ ದಿನ ಚೀಲವನ್ನೇ ಸುಟ್ಟ ಪ್ರಸಂಗಗಳುಂಟು, ಆದ್ದರಿಂದ ಒಂದು ರಾತ್ರಿ ಬಯಲಿನಲ್ಲಿ ಹರಡಿಟ್ಟು ನೋಡದೆ ಮನೆಯೊಳಗೆ ತರಬಾರದು. ಇದ್ದಿಲು ಚೆನ್ನಾಗಿ ಬೆಂದಿದೆಯೇ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಬೆರಳಲ್ಲಿ ಉಜ್ಜಿ ಬರಿ ನೀರಿನಲ್ಲಿ ತೊಳೆಯಿರಿ: ಕಪ್ಪು ಸಲೀಸಾಗಿ ಹೋದರೆ ಒಳ್ಳೆಯ ಇದ್ದಿಲು, ಜಿಡ್ಡಾಗಿ ಅಂಟಿಕೊಂಡು ಸಾಬೂನು ಬೇಡಿದರೆ ಅರೆಬೆಂದದ್ದು.

ಭತ್ತದ ಹೊಟ್ಟಿಗೆ ಈ ಕುಣಿ ಹೊಂದುವುದಿಲ್ಲ, ಅದು ಒತ್ತಾಗಿ ಕೂತು ಗಾಳಿ ಆಡದೆ ಹೊಗೆಯಾಡುತ್ತದೆ. ಸಣ್ಣ ಬೆಂಕಿಯ ಮೇಲೆ ತೂತು ಕೊರೆದ ತಗಡಿನ ಡಬ್ಬಿ ಮತ್ತು ಹೊಗೆಕೊಳವೆ ನಿಲ್ಲಿಸಿ, ಸುತ್ತ ಹೊಟ್ಟನ್ನು ರಾಶಿ ಹಾಕಿ, ಕಪ್ಪಾದಂತೆಲ್ಲ ಮಗುಚುತ್ತ ಹೋಗಿ, ಬೂದಿಯಾಗುವ ಮುನ್ನ ನೀರು ಹೊಡೆಯುವುದು ಅದಕ್ಕೆ ಸರಿಯಾದ ಕ್ರಮ. ಸೌದೆಯಿಂದ ಹೊರಡುವ ಅನಿಲವನ್ನೇ ಉರಿಸುವ, ಮೇಲಿನಿಂದ ಹಚ್ಚುವ ಒಲೆಗಳು ಇನ್ನೊಂದು ದಾರಿ: ಅಡುಗೆಯೂ ಆಗುತ್ತದೆ, ತಳದಲ್ಲಿ ಇದ್ದಿಲೂ ಉಳಿಯುತ್ತದೆ. ದಿನಕ್ಕೆ 2 ಕಿಲೋ ಸೌದೆ ಉರಿಸುವ ಮನೆಯಲ್ಲಿ ಐದನೆಯ ಒಂದು ಪಾಲು ಉಳಿದರೂ ವರ್ಷಕ್ಕೆ 140 ಕಿಲೋ ಮೀರುತ್ತದೆ. ಬೆಂಡಿನಿಂದ ಆಗುವುದಕ್ಕಿಂತ ಇದೇ ಹೆಚ್ಚು. ಆದರೆ ಕೆಂಡವನ್ನು ಹೊರಗೆ ತಂದು ನಂದಿಸಬೇಕು, ಮುಚ್ಚಿದ ಅಡುಗೆಮನೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಾಯಕಾರಿ.

ಈಗ ಕಣಜ ತುಂಬುವ, ಅಂದರೆ ಇದ್ದಿಲನ್ನು ಹದಗೊಳಿಸುವ ಮಾತು. ಅಮೆಜಾನ್ ಜಲಾನಯನದಲ್ಲಿ ಮೂಲನಿವಾಸಿಗಳು ಶತಮಾನಗಳ ಹಿಂದೆ ಉಂಟುಮಾಡಿದ 'ಟೆರಾ ಪ್ರೇಟಾ' ಎಂಬ ಕಪ್ಪು ಮಣ್ಣನ್ನು ಬಯೋಚಾರ್ ಪ್ರಚಾರಕರು ತಪ್ಪದೆ ಉದಾಹರಿಸುತ್ತಾರೆ. ಆ ಮಣ್ಣಿನಲ್ಲಿ ಇದ್ದಿಲಿನ ಜೊತೆ ಮೀನಿನ ಮುಳ್ಳು, ಮೂಳೆ, ಅಡುಗೆಯ ಕಸ, ಮಲಮೂತ್ರ, ಒಡೆದ ಮಡಕೆಯ ಚೂರು ಎಲ್ಲವೂ ಬೆರೆತಿವೆ ಎಂಬುದನ್ನು ಹೇಳುವವರು ಕಡಿಮೆ. ಇದ್ದಿಲೊಂದೇ ಆ ಮಣ್ಣನ್ನು ಮಾಡಲಿಲ್ಲ. ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಕುಂಬಳದ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸಿತು. ಹೆಕ್ಟೇರಿಗೆ ಕೇವಲ 750 ಕಿಲೋ ಬಯೋಚಾರ್‌ಗೆ ದನದ ಗಂಜಲ ಕುಡಿಸಿ ಬೇರಿನ ಬಳಿ ಇಟ್ಟಾಗ ಬಂದ ಇಳುವರಿ, ಬರಿ ಗಂಜಲ ಕೊಟ್ಟದ್ದರ ನಾಲ್ಕು ಪಟ್ಟು ಇತ್ತು. ಬರಿ ಬಯೋಚಾರ್ ಹಾಕಿದ್ದಕ್ಕಿಂತ ಶೇ. 85ರಷ್ಟು ಹೆಚ್ಚಿತ್ತು. ಒಂದು ಬೆಳೆ, ಒಂದು ಸ್ಥಳದ ಫಲಿತಾಂಶವಾದ್ದರಿಂದ ನಾಲ್ಕು ಪಟ್ಟು ಎಂಬುದನ್ನು ನಿಮ್ಮ ರೈತರಿಗೆ ಹೇಳಬೇಡಿ. ಅದರಿಂದ ಕಲಿಯಬೇಕಾದದ್ದು ಬೇರೆ: ಪ್ರಮಾಣ ಎಷ್ಟು ಕಡಿಮೆ, ಇಟ್ಟ ಜಾಗ ಎಷ್ಟು ಹತ್ತಿರ, ಇಡುವ ಮೊದಲು ಮಾಡಿದ ಸಿದ್ಧತೆ ಏನು.

ಜಾನುವಾರು ಇರುವ ಮನೆಗೆ ಅತ್ಯಂತ ಸುಲಭದ ಉಪಾಯ ಕೊಟ್ಟಿಗೆಯೇ. ಇದ್ದಿಲನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ ದನ ಮಲಗುವ ಜಾಗದಲ್ಲಿ ಹುಲ್ಲಿನ ಜೊತೆ ಹಾಸಿದರೆ ಗಂಜಲ ಮೋರಿಗೆ ಹರಿದುಹೋಗದೆ ಅದರಲ್ಲಿ ಇಂಗುತ್ತದೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆಯೂ ತಗ್ಗುತ್ತದೆ. ಆ ವಾಸನೆ ಎಂದರೆ ಹಾರಿಹೋಗುತ್ತಿರುವ ಸಾರಜನಕವೇ. ಒಳ್ಳೆಯ ಇದ್ದಿಲು ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ದ್ರವ ಹೀರಬಲ್ಲದು. ಹೀಗೆ ನೆನೆದದ್ದನ್ನು ಸಗಣಿಯೊಂದಿಗೆ ತಿಪ್ಪೆಗೆ ಸೇರಿಸಿ ಕೊಳೆಯಲು ಬಿಡಬೇಕು. ಜಾನುವಾರು ಇಲ್ಲದವರು ಕಾಂಪೋಸ್ಟ್ ರಾಶಿಗೆ ಗಾತ್ರದಲ್ಲಿ ಹತ್ತನೆಯ ಒಂದರಿಂದ ಐದನೆಯ ಒಂದು ಪಾಲಿನಷ್ಟು ಇದ್ದಿಲು ಬೆರೆಸಿ, ತೇವ ಆರದಂತೆ ನೋಡಿಕೊಂಡು, ರಾಶಿ ಮಾಗುವ ತನಕ ಕಾಯಬಹುದು. ಎರಡೂ ಸಾಧ್ಯವಿಲ್ಲದ ಕಡೆ ಹಾಕಲಿರುವ ರಸಗೊಬ್ಬರವನ್ನೇ ನೀರಿನಲ್ಲಿ ಕರಗಿಸಿ ಇದ್ದಿಲಿಗೆ ಕುಡಿಸಿ ಒಂದೆರಡು ದಿನ ಬಿಟ್ಟು ಬಳಸಬಹುದು. ಕುಟ್ಟುವಾಗ ಇದ್ದಿಲು ತೇವವಾಗಿಯೇ ಇರಲಿ. ಒಣ ಇದ್ದಿಲಿನ, ಅದರಲ್ಲೂ ಹೊಟ್ಟಿನ ಇದ್ದಿಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು.

ಹಾಕುವಾಗ ಎರಚುವುದನ್ನು ಮರೆತುಬಿಡಿ. ಜಾಂಬಿಯಾದ ಪ್ರಯೋಗಗಳಲ್ಲಿ ಬಯೋಚಾರ್ ಸೇರಿದ್ದು ಇಡೀ ಹೊಲಕ್ಕಲ್ಲ, ಬಿತ್ತುವ ಗುಣಿಗಳಿಗೆ. ಹೆಕ್ಟೇರಿಗೆ 4 ಟನ್ ಎಂಬುದು ಹೊಲದ ತುಂಬ ಹರಡಿದರೆ ಚದರ ಮೀಟರಿಗೆ 400 ಗ್ರಾಂ, ಮಣ್ಣಿನಲ್ಲಿ ಕಾಣದಂತಾಗುವ ಪ್ರಮಾಣ. ಅದನ್ನೇ 16,000 ಗುಣಿಗಳಿಗೆ ಹಂಚಿದರೆ ಪ್ರತಿ ಗುಣಿಗೆ 250 ಗ್ರಾಂ ಬರುತ್ತದೆ, ಬೇರು ಓಡಾಡುವ ಮಣ್ಣಿನಲ್ಲಿ ಅದು ಗಣನೀಯ. ನಿಮ್ಮ ರೈತರಿಗೆ ಅಷ್ಟೂ ಬೇಡ. ಗುಣಿಗೆ 100 ಗ್ರಾಂ, ಅಂದರೆ ಕುಟ್ಟಿದ ಒಣ ಇದ್ದಿಲಾದರೆ ಸುಮಾರು ಅರ್ಧ ಲೀಟರ್, ಹದಗೊಳಿಸಿ ಗೊಬ್ಬರದೊಡನೆ ಇಟ್ಟು ಒಂದು ಪದರ ಮಣ್ಣು ಮುಚ್ಚಿ ಅದರ ಮೇಲೆ ಬೀಜ ಊರಲಿ. ಬೀಜ ಇದ್ದಿಲನ್ನು ನೇರವಾಗಿ ಮುಟ್ಟಬಾರದು, ಏಕೆಂದರೆ ಕೆಲವು ಕಸದ ಇದ್ದಿಲಿನಲ್ಲಿರುವ ಲವಣ ಮೊಳಕೆಗೆ ತೊಡಕಾಗುತ್ತದೆ. ಮನೆಯ ಇದ್ದಿಲು 80 ಕಿಲೋ ಇದ್ದರೆ ಈ ವರ್ಷ 800 ಗುಣಿ. ಮುಂದಿನ ವರ್ಷ ಪಕ್ಕದ 800. ಕೊಟ್ಟಿಗೆ ಗೊಬ್ಬರ ವರ್ಷದೊಳಗೆ ಬಹುಪಾಲು ಕರಗಿಹೋಗುತ್ತದೆ, ಇದ್ದಿಲು ಹಾಗಲ್ಲ. ಚೆನ್ನಾಗಿ ಬೆಂದದ್ದು ಮಣ್ಣಿನಲ್ಲಿ ನೂರಾರು ವರ್ಷ ಉಳಿಯುತ್ತದೆ. ಹನಿ ಹನಿಗೂಡಿ ಹಳ್ಳವಾಗುವ ಲೆಕ್ಕ ಇಲ್ಲಿ ಅಕ್ಷರಶಃ ನಿಜ. ಬೂದಿಯಿಂದ ಬಂದ ಸುಣ್ಣದ ಗುಣ ಮಾತ್ರ ಮಳೆಗೆ ಕ್ರಮೇಣ ತೊಳೆದುಹೋಗುವುದರಿಂದ ಕೆಲವು ವರ್ಷಗಳಿಗೊಮ್ಮೆ ರಸಸಾರ ನೋಡುತ್ತಿರಬೇಕು. ಮಣ್ಣಿಗೆ ಕಳೆನಾಶಕ ಹೊಡೆಯುವವರಿದ್ದರೆ, ಹೊಸ ಇದ್ದಿಲು ಅದನ್ನೂ ಹೀರಿ ನಿಷ್ಫಲ ಮಾಡಬಹುದು ಎಂದು ಎಚ್ಚರಿಸಿ.

ಇಂಗಾಲದ ಹಣ, ಅಂದರೆ ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಟ್ಟದ್ದಕ್ಕೆ ಸಿಗುವ ಹಣದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಬಂದು ಹೇಳಿಯೇ ಹೇಳುತ್ತಾರೆ. ಇಂಗಾಲದ ಅಂಶ ಶೇ. 75ರಷ್ಟಿರುವ ಒಂದು ಟನ್ ಬಯೋಚಾರ್ ಸುಮಾರು 2.75 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2018ರ ವರದಿಯೂ ವಾತಾವರಣದಿಂದ ಇಂಗಾಲ ಹಿಂತೆಗೆಯುವ ದಾರಿಗಳಲ್ಲಿ ಬಯೋಚಾರ್ ಅನ್ನು ಪರಿಗಣಿಸಿದೆ. ಆದರೆ ಪ್ರತಿ ಕುಣಿಯ ಅಳತೆ, ಚಿತ್ರ, ಬಳಸಿದ ಕಸದ ದಾಖಲೆ, ಹೊರಗಿನವರ ತಪಾಸಣೆ ಇವೆಲ್ಲವೂ ಖರ್ಚಿನ ಬಾಬತ್ತು. ವರ್ಷಕ್ಕೆ 80 ಕಿಲೋ ಮಾಡುವ ಒಬ್ಬ ರೈತನಿಗೆ ಅದು ಗಿಟ್ಟುವುದಿಲ್ಲ, ನೂರಾರು ಮಂದಿಯ ಸಂಘಕ್ಕೆ ಗಿಟ್ಟಬಹುದು. ಬೆಳೆಯ ಲಾಭದಿಂದಲೇ ದುಡಿಮೆ ಸಾರ್ಥಕವಾಗುತ್ತದೆಯೇ ಎಂದು ನೋಡಿ ಕೈಹಾಕಿ. ಆ ಹಣ ಬಂದರೆ ಬರಲಿ.

ಹಿಂಜರಿಯುತ್ತಿರುವವರನ್ನು ಮಾತಿನಿಂದ ಒಪ್ಪಿಸಲು ಹೋಗಬೇಡಿ. ಹುಳಿ ಮಣ್ಣಿನ ಒಂದು ಹೊಲದಲ್ಲಿ ಅಕ್ಕಪಕ್ಕ ಮೂರು ಪಟ್ಟಿ ಮಾಡಿಸಿ: ಒಂದರಲ್ಲಿ ಎಂದಿನ ಪದ್ಧತಿ, ಒಂದರಲ್ಲಿ ಗೊಬ್ಬರ ಮಾತ್ರ, ಒಂದರಲ್ಲಿ ಅಷ್ಟೇ ಗೊಬ್ಬರದ ಜೊತೆ ಬಯೋಚಾರ್. ನಡುವಿನ ಪಟ್ಟಿಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆಮೇಲೆ ಗೊಬ್ಬರದ ಫಲವನ್ನೆಲ್ಲ ಇದ್ದಿಲಿನ ಖಾತೆಗೆ ಬರೆಯುತ್ತಾರೆ. ಅದಕ್ಕೂ ಮೊದಲು ಎರಡು ಡಬ್ಬಿಗಳಲ್ಲಿ ಅದೇ ಹೊಲದ ಮಣ್ಣು ತುಂಬಿ, ಒಂದಕ್ಕೆ ಮಾತ್ರ ಇದ್ದಿಲು ಬೆರೆಸಿ, ಹತ್ತು ಹತ್ತು ಬೀಜ ಹಾಕಿ ಮೊಳಕೆ ಎಣಿಸಿದರೆ ಕೆಟ್ಟ ಇದ್ದಿಲು ಅಲ್ಲೇ ಸಿಕ್ಕಿಬೀಳುತ್ತದೆ. ಕೊಯ್ಲಿನ ದಿನ ಮೂರೂ ಪಟ್ಟಿಗಳ ಕಾಳನ್ನು ಒಂದೇ ತಕ್ಕಡಿಯಲ್ಲಿ, ಎಲ್ಲರೂ ನೋಡುತ್ತಿರುವಾಗ ತೂಗಿ. ಮೊದಲ ವರ್ಷ ಗೊಬ್ಬರದ ಪಟ್ಟಿಗೂ ಬಯೋಚಾರ್ ಪಟ್ಟಿಗೂ ನಡುವೆ ಅಂತರ ಸಣ್ಣದಿದ್ದರೆ ಪಟ್ಟಿಗಳನ್ನು ಅಳಿಸದೆ, ಗುಣಿಗಳನ್ನು ಅದೇ ಜಾಗದಲ್ಲಿ ಉಳಿಸಿಕೊಂಡು, ಮುಂದಿನ ಎರಡು ಹಂಗಾಮು ಹೊಸ ಇದ್ದಿಲು ಹಾಕದೆ ಮತ್ತೆ ತೂಗಿ ನೋಡಿ.